ನ್ಯಾಸ್ ಮೇಲೆ ಡೇಟಾಬೇಸ್: ಕೈಕೊಟ್ಟಾಗ ಎಲ್ಲಿಂದ ನೋಡಬೇಕು

ಮಾಟುಂಗಾದ ಉಡುಪಿ ಹೋಟೆಲ್ ಇರಲಿ, ವಾಶಿಯ ಟ್ರಾನ್ಸ್‌ಪೋರ್ಟ್ ಆಫೀಸ್ ಇರಲಿ, ಡೊಂಬಿವಲಿಯ ಕ್ರೆಡಿಟ್ ಸೊಸೈಟಿ ಇರಲಿ, ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಮೂಲೆಯಲ್ಲೊಂದು ನ್ಯಾಸ್ (NAS) ಬಾಕ್ಸ್, ಅಂದರೆ ನೆಟ್‌ವರ್ಕ್ ಮೂಲಕ ಎಲ್ಲರೂ ಫೈಲ್ ಇಡುವ ಡಬ್ಬಿ, ಅದರೊಳಗೆ ಎರಡೋ ನಾಲ್ಕೋ ಡಿಸ್ಕ್. ಮೊದಲು ತಂದದ್ದು ಸ್ಕ್ಯಾನ್ ಕಾಪಿ, ಜಿಎಸ್‌ಟಿ ಫೈಲ್ ಇಡುವುದಕ್ಕೆ. ಆಮೇಲೆ ಯಾರೋ "ಇಷ್ಟೊಂದು ಜಾಗ ಇದೆ, ರೇಡ್ ಬೇರೆ ಇದೆ, ಬಿಲ್ಲಿಂಗ್ ಡೇಟಾಬೇಸನ್ನೂ ಅಲ್ಲೇ ಹಾಕಿಬಿಡೋಣ" ಅಂದಿರುತ್ತಾರೆ. (ರೇಡ್ ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಹಾಗೆ ಡಿಸ್ಕ್‌ಗಳನ್ನು ಜೋಡಿಸುವುದು.) ಹಾಕಿರುತ್ತಾರೆ. ನಡೆಯುತ್ತಲೂ ಇರುತ್ತದೆ. ಒಂದು ದಿನ ಗಲ್ಲಾದಿಂದ ಫೋನ್ ಬರುತ್ತದೆ: "ಮಾರಾಯ್ರೆ, ಬಿಲ್ ಹೋಗ್ತಾ ಇಲ್ಲ."

ಆ ಫೋನ್ ಬಂದಾಗ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ. ದುಡ್ಡು ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಕಷ್ಟದವು ಆಮೇಲೆ.

ಒಂದು ವಿಷಯ ತಲೆಯಲ್ಲಿರಲಿ. ಡೇಟಾಬೇಸ್ ತನ್ನ ಕೆಳಗಿರುವ ಸ್ಟೋರೇಜ್ ಹೇಳುವ ಎರಡು ಮಾತನ್ನು ಕಣ್ಣುಮುಚ್ಚಿ ನಂಬುತ್ತದೆ. "ಬರೆದಾಯಿತು" ಅಂದರೆ ಕರೆಂಟ್ ಹೋದರೂ ಅದು ಉಳಿಯಬೇಕು. "ಲಾಕ್ ಸಿಕ್ಕಿತು" ಅಂದರೆ ಬೇರೆ ಯಾರಿಗೂ ಅದೇ ಲಾಕ್ ಸಿಗಬಾರದು. ಕಂಪ್ಯೂಟರ್ ಒಳಗಿನ ಡಿಸ್ಕ್ ಆದರೆ ಇದನ್ನೆಲ್ಲ ಒಂದೇ ಆಪರೇಟಿಂಗ್ ಸಿಸ್ಟಮ್ ನೋಡಿಕೊಳ್ಳುತ್ತದೆ. ನ್ಯಾಸ್ ಆದರೆ ನಡುವೆ ಕೇಬಲ್, ಸ್ವಿಚ್, ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಅದರ ಸೆಟ್ಟಿಂಗ್ ಎಲ್ಲಾ ಬರುತ್ತವೆ. ಯಾವ ಲಕ್ಷಣ ಕಂಡರೂ ಕೇಳಬೇಕಾದದ್ದು ಇಷ್ಟೆ: ಇದು ಬರೀ ನಿಧಾನವೋ, ಅಥವಾ ಈ ಎರಡರಲ್ಲಿ ಒಂದು ಮಾತು ಸುಳ್ಳಾಗಿದೆಯೋ? ನಿಧಾನವಾದರೆ ಸರಿ ಮಾಡಬಹುದು. ಮಾತು ಸುಳ್ಳಾಗಿದ್ದರೆ ಕೆಲಸ ನಿಲ್ಲಿಸಬೇಕು.

ಹಾಗಂತ ನೆಟ್‌ವರ್ಕ್ ಸ್ಟೋರೇಜ್ ಮೇಲೆ ಡೇಟಾಬೇಸ್ ಇಡುವುದೇ ತಪ್ಪು ಅಂತಲ್ಲ. ಒರಾಕಲ್ ತನ್ನ ಡೇಟಾಬೇಸಿನ 11ಜಿ ಆವೃತ್ತಿಯಲ್ಲಿ, 2007ರಲ್ಲೇ, ಎನ್‌ಎಫ್‌ಎಸ್ (ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಒಂದು ಪದ್ಧತಿ) ಜೊತೆ ನೇರವಾಗಿ ಮಾತಾಡುವ ವ್ಯವಸ್ಥೆ ಕೊಟ್ಟಿತ್ತು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನವರೂ ಷರತ್ತು ಹಾಕಿ ಒಪ್ಪುತ್ತಾರೆ. ಆ ಷರತ್ತುಗಳನ್ನು ಓದದೆ ಇಡುವುದೇ ತೊಂದರೆ.

ಕೈ ಹಾಕುವ ಮೊದಲು

ನೆಲ ಒದ್ದೆ ಇದ್ದರೆ, ಮಳೆನೀರು ಒಳಗೆ ಬಂದಿದ್ದರೆ, ನ್ಯಾಸ್ ಮತ್ತು ಯುಪಿಎಸ್ ಎರಡನ್ನೂ ಮುಟ್ಟಬೇಡಿ. ಮೇನ್ ಇರುವ ಜಾಗ ಒಣಗಿದ್ದರೆ ಮಾತ್ರ ಅದನ್ನು ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಮೇನ್ ಆಫ್ ಆದರೂ ಯುಪಿಎಸ್ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರುತ್ತದೆ, ಇದು ಬಹಳ ಜನಕ್ಕೆ ನೆನಪಾಗುವುದಿಲ್ಲ.

ಡೇಟಾ ಫೋಲ್ಡರ್‌ನಲ್ಲಿ ಯಾವ ಫೈಲನ್ನೂ ಅಳಿಸಬೇಡಿ. ಹೆಸರಿನ ಕೊನೆಯಲ್ಲಿ ಜರ್ನಲ್, ವಾಲ್, ಪಿಐಡಿ ಅಂತ ಇರುವ ಫೈಲ್‌ಗಳು ಕಸದ ಹಾಗೆ ಕಾಣುತ್ತವೆ. ಕಸ ಅಲ್ಲ. ಎಸ್‌ಕ್ಯೂಲೈಟ್ ಅನ್ನುವ, ಒಂದೇ ಫೈಲಿನಲ್ಲಿರುವ ಡೇಟಾಬೇಸಿನ ಜರ್ನಲ್ ಫೈಲ್ ಅಳಿಸಿದರೆ, ಅರ್ಧಕ್ಕೆ ನಿಂತ ಕೆಲಸವನ್ನು ಹಿಂದಕ್ಕೆ ತರುವ ದಾರಿಯನ್ನೇ ಅಳಿಸಿದ ಹಾಗೆ. ಚುಕ್ಕೆ ಎನ್‌ಎಫ್‌ಎಸ್ ಅಂತ ಶುರುವಾಗಿ ಉದ್ದ ನಂಬರ್ ಇರುವ ಫೈಲ್ ಕಂಡರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದು ಕೂತಿದೆ ಅಂತ ಅರ್ಥ. ಅದನ್ನೂ ಬಿಟ್ಟುಬಿಡಿ.

"ಸಂಜೆ ಹೊತ್ತಿಗೆ ಬಿಲ್ ತುಂಬಾ ನಿಧಾನ"

ಅತಿ ಹೆಚ್ಚು ಬರುವ ದೂರು ಇದೇ. ಬಹಳ ಸಲ ಕಾರಣವೂ ಸಣ್ಣದೇ.

ಮೊದಲು ಕೇಬಲ್ ನೋಡಿ. ಗಿಗಾಬಿಟ್ ವೇಗಕ್ಕೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಸರಿ ಇರಬೇಕು. ಒಂದು ಜೋಡಿ ಕೈಕೊಟ್ಟರೂ ಬಹಳ ಸಲ ಸಂಪರ್ಕ ಕಡಿಯುವುದಿಲ್ಲ, ಸುಮ್ನೆ 100 ಎಂಬಿಪಿಎಸ್‌ಗೆ ಇಳಿದುಬಿಡುತ್ತದೆ. ಎಲ್ಲಾ ನಡೆಯುತ್ತಿದೆ ಅಂತಲೇ ಕಾಣುತ್ತದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಕೊಟ್ಟರೆ ವೇಗ ಎಷ್ಟಿದೆ ಅಂತ ತೋರಿಸುತ್ತದೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಸ್ಟೇಟಸ್ ಕಿಟಕಿಯಲ್ಲೇ ಇರುತ್ತದೆ. ಅದೂ ಬೇಡ ಅಂದರೆ ದೊಡ್ಡದೊಂದು ಫೈಲ್ ಕಾಪಿ ಮಾಡಿ. ಸೆಕೆಂಡಿಗೆ 11-12 ಎಂಬಿ ದಾಟುತ್ತಲೇ ಇಲ್ಲವಾದರೆ 100 ಎಂಬಿಪಿಎಸ್‌ಗೆ ಇಳಿದಿದೆ. ಗಿಗಾಬಿಟ್ ಆದರೆ ಸೆಕೆಂಡಿಗೆ 100 ಎಂಬಿ ಮೇಲೆ ಹೋಗಬೇಕು. ಗೋವಾದಲ್ಲಿ, ಮುಂಬೈಯ ಕಡಲ ಬದಿಯಲ್ಲಿ, ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಬಣ್ಣದ ಕಡ್ಡಿಗಳು ಹಸಿರುಗಟ್ಟುತ್ತವೆ. ಪ್ಲಗ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಹಸಿರು ಕಂಡರೆ ಉಜ್ಜುತ್ತಾ ಕೂರಬೇಡಿ, ಕೇಬಲನ್ನೇ ಬದಲಿಸಿ. ಆದರೆ ಕೆಲಸದ ಹೊತ್ತಿನಲ್ಲಿ ಕೇಬಲ್ ಎಳೆಯಬಾರದು. ಎಲ್ಲರ ಪ್ರೋಗ್ರಾಂ ಮುಚ್ಚಿಸಿ, ಡೇಟಾಬೇಸ್ ನಿಲ್ಲಿಸಿ, ಆಮೇಲೆ.

ಎರಡನೆಯದು ವೈಫೈ. ಡೇಟಾಬೇಸ್ ಫೈಲನ್ನು ನೇರವಾಗಿ ತೆರೆಯುವ ಯಾವ ಕಂಪ್ಯೂಟರೂ ವೈಫೈ ಮೇಲೆ ಇರಬಾರದು. ಸಂಜೆ ಗಿರಾಕಿಗಳ ಫೋನ್‌ಗಳೆಲ್ಲ ಅದೇ ವೈಫೈಗೆ ಬಂದು ಕೂತರಂತೂ ಮುಗಿಯಿತು. ಬಿಲ್ ಪ್ರಿಂಟ್ ಆಗುವ ಹೊತ್ತಿಗೆ ಇಡ್ಲಿ ತಣ್ಣಗಾಗಿರುತ್ತದೆ.

ಮೂರನೆಯದು ನ್ಯಾಸ್‌ನ ಸ್ವಂತ ಕೆಲಸಗಳು. ಆಂಟಿವೈರಸ್ ಸ್ಕ್ಯಾನ್, ಫೋಟೋ ಇಂಡೆಕ್ಸ್, ರೇಡ್ ಪರಿಶೀಲನೆ, ಕ್ಲೌಡ್‌ಗೆ ಬ್ಯಾಕಪ್. ಇವು ಯಾವ ಹೊತ್ತಿಗೆ ಶುರುವಾಗುತ್ತವೆ ಅಂತ ಶೆಡ್ಯೂಲ್ ಪುಟದಲ್ಲಿ ನೋಡಿ. ನಿಧಾನವಾಗುವ ಹೊತ್ತೂ ಅದೂ ಕೂಡಿ ಬಂದರೆ ರಾತ್ರಿಗೆ ತಳ್ಳಿ. ಅಲ್ಲೇ ಜಾಗ ಎಷ್ಟು ಉಳಿದಿದೆ ಅಂತಲೂ ನೋಡಿಬಿಡಿ. ಡಿಸ್ಕ್ ತುಂಬುತ್ತಾ ಬಂದರೆ ಮೊದಲು ನಿಧಾನ, ಆಮೇಲೆ ಪೂರ್ತಿ ಸ್ತಬ್ಧ.

ಇಷ್ಟರಲ್ಲಿ ಸಿಗಲಿಲ್ಲ ಅಂದರೆ ದೂರ ಲೆಕ್ಕ ಹಾಕಿ. ಪಣಜಿಯ ಲಾಡ್ಜ್‌ನಿಂದ ವಿಪಿಎನ್ ಹಾಕಿ ಮುಂಬೈ ಆಫೀಸಿನ ನ್ಯಾಸ್‌ನಲ್ಲಿರುವ ಫೈಲ್ ತೆರೆಯುವವರಿದ್ದಾರೆ. ಹೋಗಿ ಬರುವ ಸಮಯ 20 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಒಂದು ಹುಡುಕಾಟಕ್ಕೆ ಒಂದರ ಹಿಂದೆ ಒಂದರಂತೆ ಸಾವಿರ ಸಣ್ಣ ಓದು ಬೇಕಾದರೆ 20 ಸೆಕೆಂಡ್ ಬರೀ ಓಡಾಟಕ್ಕೇ ಹೋಯಿತು. ಇಂಟರ್‌ನೆಟ್ ಪ್ಲಾನ್ ಜಾಸ್ತಿ ಎಂಬಿಪಿಎಸ್‌ದು ತಗೊಂಡರೆ ಇದು ಕಡಿಮೆ ಆಗುವುದಿಲ್ಲ. ಹೀಗೆ ಫೈಲ್ ತೆರೆಯುವುದನ್ನೇ ನಿಲ್ಲಿಸಬೇಕು. ಪಣಜಿಯವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಮುಂಬೈಯ ಕಂಪ್ಯೂಟರ್‌ನಲ್ಲೇ ಕೆಲಸ ಮಾಡಲಿ.

"ನ್ಯಾಸ್ ಸಖತ್ ಫಾಸ್ಟ್ ಇದೆ!"

ಈ ದೂರು ಯಾರೂ ಹೇಳುವುದಿಲ್ಲ, ಯಾಕೆಂದರೆ ಇದು ದೂರು ಅಂತ ಯಾರಿಗೂ ಅನಿಸುವುದಿಲ್ಲ. ನನಗೆ ಜಾಸ್ತಿ ಭಯ ಇದನ್ನು ಕಂಡರೆ.

ಪೋಸ್ಟ್‌ಗ್ರೆಸ್ ಜೊತೆ ಪಿಜಿ ಟೆಸ್ಟ್ ಎಫ್‌ಸಿಂಕ್ ಅಂತ ಒಂದು ಸಣ್ಣ ಉಪಕರಣ ಬರುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ "ಬರೆದಾಯಿತು" ಅಂತ ಉತ್ತರ ಬರುತ್ತದೆ ಅಂತ ಅದು ಅಳೆಯುತ್ತದೆ. ಈಗ ಲೆಕ್ಕ ನೋಡಿ. ಮಾಮೂಲಿ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಸೆಕೆಂಡಿಗೆ 120. ಒಂದೇ ಜಾಗಕ್ಕೆ ಒಂದರ ಹಿಂದೆ ಒಂದು ಬರೆಯಬೇಕಾದರೆ ಒಂದು ಸುತ್ತು ಕಾಯಬೇಕು. ಅಂದರೆ ಫಲಿತಾಂಶ ನೂರರ ಆಸುಪಾಸು ಬರಬೇಕು. ತಿರುಗುವ ಡಿಸ್ಕ್ ಇರುವ ನ್ಯಾಸ್‌ನಲ್ಲಿ ಅದು ಐದು ಸಾವಿರ ತೋರಿಸಿದರೆ ಯಾರೋ ಬರೆಯದೇ "ಬರೆದೆ" ಅನ್ನುತ್ತಿದ್ದಾರೆ. ಬ್ಯಾಟರಿ ಇರುವ ಕಂಟ್ರೋಲರ್ ಅಥವಾ ಕರೆಂಟ್ ಹೋದರೂ ಡೇಟಾ ಉಳಿಸಿಕೊಳ್ಳುವ ಎಸ್‌ಎಸ್‌ಡಿ ಕ್ಯಾಶ್ ಇದ್ದರೆ ಪರವಾಗಿಲ್ಲ. ಎರಡೂ ಇಲ್ಲದಿದ್ದರೆ ಆ ಬರಹ ಇನ್ನೂ ರ‍್ಯಾಮ್‌ನಲ್ಲಿದೆ.

ಹೆಚ್ಚಾಗಿ ಇದಕ್ಕೆ ಕಾರಣ ಎನ್‌ಎಫ್‌ಎಸ್ ಶೇರ್‌ನ, ಅಂದರೆ ನ್ಯಾಸ್ ಹಂಚುವ ಫೋಲ್ಡರಿನ, ಸೆಟ್ಟಿಂಗ್. ಕೆಲವು ನ್ಯಾಸ್‌ಗಳಲ್ಲಿ ಅಸಿಂಕ್ರೊನಸ್ ಅಂತ ಒಂದು ಟಿಕ್ ಬಾಕ್ಸ್ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಡಿಸ್ಕಿಗೆ ತಲುಪುವ ಮೊದಲೇ ನ್ಯಾಸ್ ಉತ್ತರ ಕೊಟ್ಟುಬಿಡುತ್ತದೆ. ಡೇಟಾಬೇಸ್ ಇರುವ ಶೇರ್‌ನಲ್ಲಿ ಈ ಟಿಕ್ ತೆಗೆಯಲೇಬೇಕು. ಇಲ್ಲೊಂದು ಗೊಂದಲ ಇದೆ. ಇದೇ ಸಿಂಕ್, ಅಸಿಂಕ್ ಹೆಸರಿನ ಆಯ್ಕೆ ಮೌಂಟ್ ಮಾಡುವ, ಅಂದರೆ ಆ ಶೇರನ್ನು ತನ್ನ ಫೋಲ್ಡರ್ ಹಾಗೆ ಜೋಡಿಸಿಕೊಳ್ಳುವ, ಕಂಪ್ಯೂಟರ್ ಕಡೆಯೂ ಇದೆ. ಅದು ಅಸಿಂಕ್ ಇದ್ದರೆ ಪೋಸ್ಟ್‌ಗ್ರೆಸ್‌ಗೆ ತೊಂದರೆ ಇಲ್ಲ, ಯಾಕೆಂದರೆ ಬೇಕಾದಾಗ ಅದು ತಾನೇ ಎಫ್‌ಸಿಂಕ್, ಅಂದರೆ ಡಿಸ್ಕಿಗೆ ಬರೆದು ಮುಗಿಸಿ ಹೇಳು ಅಂತ, ಕೇಳುತ್ತದೆ. ಸರ್ವರ್ ಕಡೆ, ಅಂದರೆ ಎಕ್ಸ್‌ಪೋರ್ಟ್‌ನಲ್ಲಿ, ಸಿಂಕ್ ಇರಬೇಕು. ಮೌಂಟ್ ಕಡೆ ಸಿಂಕ್ ಹಾಕಿ ಸರ್ವರ್ ಕಡೆ ಅಸಿಂಕ್ ಬಿಟ್ಟರೆ ವೇಗವೂ ಹೋಯಿತು, ಭದ್ರತೆಯೂ ಬರಲಿಲ್ಲ.

ಟಿಕ್ ತೆಗೆದ ಮೇಲೆ ಬಿಲ್ಲಿಂಗ್ ನಿಧಾನವಾಗುತ್ತದೆ. ಗಲ್ಲಾದಲ್ಲಿ ಕೂತವರು ಬೈಯುತ್ತಾರೆ. ಅದೇ ಆ ಡಿಸ್ಕಿನ ನಿಜವಾದ ವೇಗ. ಜಾಸ್ತಿ ಬೇಕಾದರೆ ಎಸ್‌ಎಸ್‌ಡಿ ತರಿಸಿ.

"ಎಲ್ಲಾ ಹಾಗೇ ನಿಂತುಬಿಟ್ಟಿದೆ"

ಪರದೆ ಅಲ್ಲಾಡುವುದಿಲ್ಲ. ಎರರ್ ಕೂಡ ಬರುವುದಿಲ್ಲ. ಕಿಲ್ ಕೊಟ್ಟರೂ ಡೇಟಾಬೇಸ್ ಸಾಯುವುದಿಲ್ಲ. ಲಿನಕ್ಸ್‌ನ ಡಿಮೆಸೇಜ್ (dmesg) ಕಮಾಂಡ್ ಕೊಟ್ಟರೆ "ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್" ಅಂತ ಸಾಲು ಕಾಣುತ್ತದೆ.

ಗಾಬರಿ ಬೇಡ. ಇದು ಹಾರ್ಡ್ ಮೌಂಟ್‌ನ ಲಕ್ಷಣ, ಮತ್ತು ಹೀಗೇ ಆಗಬೇಕು. ಹಾರ್ಡ್ ಅಂದರೆ ನ್ಯಾಸ್ ಉತ್ತರ ಕೊಡುವವರೆಗೂ ಬಿಡದೆ ಕಾಯುವುದು. ನ್ಯಾಸ್ ವಾಪಸ್ ಬಂದರೆ ನಿಂತ ಜಾಗದಿಂದಲೇ ಮುಂದೆ ಹೋಗುತ್ತದೆ. ಸಾಫ್ಟ್ ಅಂದರೆ ಸ್ವಲ್ಪ ಹೊತ್ತು ನೋಡಿ, ಆಗಲಿಲ್ಲ ಅಂತ ಡೇಟಾಬೇಸ್‌ಗೆ ಎರರ್ ಕೊಟ್ಟುಬಿಡುವುದು. ಕೇಳಲು ಸಾಫ್ಟ್ ಚೆನ್ನಾಗಿದೆ, ಯಾವುದೂ ಹ್ಯಾಂಗ್ ಆಗುವುದಿಲ್ಲ. ಆದರೆ ಬರೆಯುವ ಮಧ್ಯದಲ್ಲಿ ಎರರ್ ಸಿಕ್ಕಿದ ಡೇಟಾಬೇಸ್ ಗತಿ ಏನು? ಪೋಸ್ಟ್‌ಗ್ರೆಸ್ ಕೈಪಿಡಿ ಎನ್‌ಎಫ್‌ಎಸ್‌ಗೆ ಹಾಕುವ ಒಂದೇ ಒಂದು ಕಡ್ಡಾಯ ಷರತ್ತು ಹಾರ್ಡ್ ಮೌಂಟ್ ಇರಬೇಕು ಅನ್ನುವುದು. ನಿಮ್ಮಲ್ಲಿ ಯಾವುದಿದೆ ಅಂತ ಎನ್‌ಎಫ್‌ಎಸ್‌ಸ್ಟ್ಯಾಟ್ ಕಮಾಂಡ್‌ಗೆ ಎಂ ಆಯ್ಕೆ ಕೊಟ್ಟರೆ ತೋರಿಸುತ್ತದೆ. ಫೈಲಿನಲ್ಲಿ ಬರೆದದ್ದು ಬೇರೆ, ನಿಜವಾಗಿ ಮೌಂಟ್ ಆದದ್ದು ಬೇರೆ ಇರಬಹುದು. ಅದಕ್ಕೇ ಈ ಕಮಾಂಡನ್ನೇ ನಂಬಿ.

ಈಗ ನ್ಯಾಸ್ ಯಾಕೆ ಉತ್ತರ ಕೊಡುತ್ತಿಲ್ಲ ಅಂತ ನೋಡಿ. ದೀಪ ಉರಿಯುತ್ತಿದೆಯಾ? ಸ್ವಿಚ್‌ಗೆ ಕರೆಂಟ್ ಇದೆಯಾ? ನ್ಯಾಸ್‌ಗೆ ಯುಪಿಎಸ್ ಕೊಟ್ಟು, ಸ್ವಿಚ್ಚನ್ನು ಮಾತ್ರ ಗೋಡೆಯ ಪ್ಲಗ್‌ಗೆ ಹಾಕಿದ ಆಫೀಸುಗಳು ಲೆಕ್ಕವಿಲ್ಲದಷ್ಟಿವೆ. ಕರೆಂಟ್ ಹೋದಾಗ ಎರಡು ಕಡೆಯೂ ಬದುಕಿರುತ್ತವೆ, ನಡುವಿನ ಸ್ವಿಚ್ ಸತ್ತಿರುತ್ತದೆ. ಆಮೇಲೆ ಪಿಂಗ್ ಮಾಡಿ. ಪಿಂಗ್ ಕೆಲವೊಮ್ಮೆ ಬಂದು ಕೆಲವೊಮ್ಮೆ ಬರದಿದ್ದರೆ ಅದೇ ಐಪಿ ಇನ್ನೊಂದು ಸಾಧನಕ್ಕೂ ಸಿಕ್ಕಿರಬಹುದು. ಹೊಸದಾಗಿ ತಂದ ಸಿಸಿಟಿವಿ ರೆಕಾರ್ಡರ್ ಮೇಲೆ ಮೊದಲು ಅನುಮಾನ ಇರಲಿ.

ಇನ್ನೊಂದು ವಿಚಿತ್ರ ರೂಪ ಇದೆ. ಫೋಲ್ಡರ್ ತೆರೆಯುತ್ತದೆ, ಸಣ್ಣ ಫೈಲ್ ಓದಲು ಆಗುತ್ತದೆ, ದೊಡ್ಡದು ಮುಟ್ಟಿದ ಕೂಡಲೇ ಹ್ಯಾಂಗ್. ಇದು ಹೆಚ್ಚಾಗಿ ಜಂಬೋ ಫ್ರೇಮ್, ಅಂದರೆ ಮಾಮೂಲಿಗಿಂತ ದೊಡ್ಡ ಪ್ಯಾಕೆಟ್, ಮಾಡುವ ಕಿತಾಪತಿ. ನ್ಯಾಸ್‌ನಲ್ಲೂ ಕಂಪ್ಯೂಟರ್‌ನಲ್ಲೂ ಯಾರೋ ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಅಳತೆ) 9000 ಮಾಡಿರುತ್ತಾರೆ, ಸ್ವಿಚ್‌ಗೆ ಅದು ಗೊತ್ತಿರುವುದಿಲ್ಲ. ಪ್ಯಾಕೆಟ್ ತುಂಡು ಮಾಡಬಾರದು ಅಂತ ಹೇಳಿ 8972 ಬೈಟ್‌ನ ಪಿಂಗ್ ಕಳಿಸಿ. ಹೋಗದಿದ್ದರೆ ಅದೇ ರೋಗ. ಡೇಟಾಬೇಸ್ ನಿಲ್ಲಿಸಿದ ಮೇಲೆ ಎಲ್ಲಾ ಕಡೆ 1500ಕ್ಕೆ ತನ್ನಿ. ಸಣ್ಣ ಆಫೀಸಿಗೆ ಜಂಬೋದಿಂದ ಸಿಗುವ ಲಾಭಕ್ಕಿಂತ ತಲೆನೋವು ಜಾಸ್ತಿ.

ಹ್ಯಾಂಗ್ ಆದಾಗ ಮಾಡಬಾರದ್ದು ಒಂದಿದೆ: ಬಲವಂತದ ಅನ್‌ಮೌಂಟ್ ಅಥವಾ ಲೇಜಿ ಅನ್‌ಮೌಂಟ್ ಕೊಟ್ಟು, ಮತ್ತೆ ಮೌಂಟ್ ಮಾಡಿ, ಡೇಟಾಬೇಸ್ ಶುರು ಮಾಡುವುದು. ಹಳೆಯ ಪ್ರೋಗ್ರಾಂ ಒಳಗೆ ಇನ್ನೂ ಕಾಯುತ್ತಿರಬಹುದು. ಆಗ ಒಂದೇ ಫೈಲಿಗೆ ಇಬ್ಬರು ಬರೆಯುತ್ತಾರೆ. ನ್ಯಾಸ್ ವಾಪಸ್ ಬರುವ ಆಸೆಯೇ ಇಲ್ಲದಿದ್ದರೆ ಡೇಟಾಬೇಸ್ ಇರುವ ಕಂಪ್ಯೂಟರನ್ನೇ ರೀಬೂಟ್ ಮಾಡಿ, ನ್ಯಾಸ್ ಸರಿಯಾಗುವವರೆಗೆ ಡೇಟಾಬೇಸ್ ತಾನಾಗಿ ಶುರುವಾಗದಂತೆ ನೋಡಿಕೊಳ್ಳಿ.

"ಡೇಟಾಬೇಸ್ ಈಸ್ ಲಾಕ್ಡ್" ಅನ್ನುತ್ತಿದೆ

ಇಲ್ಲಿ ಕಮಾಂಡ್ ಹೊಡೆಯುವ ಮೊದಲು ಆಫೀಸಿನಲ್ಲಿ ಒಂದು ಸುತ್ತು ಹಾಕಿ. ಈ ಫೈಲನ್ನು ಎಷ್ಟು ಕಂಪ್ಯೂಟರ್ ನೇರವಾಗಿ ತೆರೆಯುತ್ತಿವೆ? ಗಲ್ಲಾ, ಪಾರ್ಸೆಲ್ ಕೌಂಟರ್, ಮೇಲಿನ ಆಫೀಸ್, ಯಜಮಾನರ ಲ್ಯಾಪ್‌ಟಾಪ್. ಪ್ರತಿಯೊಂದರಲ್ಲೂ ಪ್ರೋಗ್ರಾಂ ಸೆಟ್ಟಿಂಗ್ ತೆರೆದು, ಡೇಟಾದ ದಾರಿ ಏನಿದೆ ಓದಿ. ಅಲ್ಲಿ ಸರ್ವರ್ ಹೆಸರು, ಪೋರ್ಟ್ ನಂಬರ್ ಇದ್ದರೆ ಒಳ್ಳೆಯದು, ಅದು ಡೇಟಾಬೇಸ್ ಸರ್ವರ್ ಜೊತೆ ಮಾತಾಡುತ್ತಿದೆ. ಎಂ ಡ್ರೈವ್, ಝಡ್ ಡ್ರೈವ್ ಅಂತ ಇದ್ದರೆ ಅದು ಫೈಲನ್ನೇ ತೆರೆಯುತ್ತಿದೆ.

ಎಸ್‌ಕ್ಯೂಲೈಟ್ ಫೈಲ್ ಆಗಿದ್ದು, ಎರಡು ಕಂಪ್ಯೂಟರ್ ತೆರೆಯುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ. ಅದರಲ್ಲೂ ವಾಲ್ ಮೋಡ್, ಅಂದರೆ ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ವಿಧಾನ, ಇದ್ದರೆ. ಆ ಮೋಡ್‌ನಲ್ಲಿ ಯಾರು ಎಲ್ಲಿಯವರೆಗೆ ಬರೆದಿದ್ದಾರೆ ಅನ್ನುವ ಪಟ್ಟಿ ಹಂಚಿಕೊಂಡ ಮೆಮೊರಿಯಲ್ಲಿ ಇರುತ್ತದೆ. ಬೇರೆ ಬೇರೆ ಕಂಪ್ಯೂಟರ್‌ಗಳು ಮೆಮೊರಿ ಹಂಚಿಕೊಳ್ಳಲು ಸಾಧ್ಯವೇ ಇಲ್ಲವಲ್ಲ. ಅದಕ್ಕೇ ವಾಲ್ ಮೋಡ್ ನೆಟ್‌ವರ್ಕ್ ಫೈಲ್ ಸಿಸ್ಟಮ್ ಮೇಲೆ ನಡೆಯುವುದಿಲ್ಲ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಬರೆದಿದ್ದಾರೆ. ಹಳೆಯ ಜರ್ನಲ್ ಮೋಡ್ ಆದರೂ ಎನ್‌ಎಫ್‌ಎಸ್ ಲಾಕ್ ಸರಿಯಾಗಿ ನಡೆದರೆ ಮಾತ್ರ ಗತಿ. "ಲಾಕ್ಡ್" ಅನ್ನುವ ಎರರ್ ಬಂದರೆ ಲಾಕ್ ಕೆಲಸ ಮಾಡುತ್ತಿದೆ ಅಂತಾದರೂ ಅರ್ಥ. ಎರಡು ಕೌಂಟರ್ ಒಟ್ಟಿಗೆ ಬರೆದರೂ ಒಂದು ದಿನವೂ ಆ ಎರರ್ ಬಂದೇ ಇಲ್ಲ ಅಂದರೆ ಅದೇ ಇನ್ನೂ ಕೆಟ್ಟದ್ದು. ಮೌಂಟ್ ಆಯ್ಕೆಯಲ್ಲಿ ನೋಲಾಕ್ ಅಂತ ಇದೆಯಾ ನೋಡಿ. ಅದಿದ್ದರೆ ಪ್ರತಿ ಕಂಪ್ಯೂಟರ್ ತನ್ನೊಳಗೇ ಬೀಗ ಹಾಕಿಕೊಂಡು ಸಮಾಧಾನದಿಂದ ಇರುತ್ತದೆ, ಪಕ್ಕದ್ದಕ್ಕೆ ಗೊತ್ತೇ ಆಗುವುದಿಲ್ಲ.

ಮೈಕ್ರೋಸಾಫ್ಟ್ ಆಕ್ಸೆಸ್ ಇದ್ದರೆ, ಎಲ್ಲರೂ ಹೊರಗೆ ಬಂದ ಮೇಲೂ ಅದೇ ಹೆಸರಿನ ಲಾಕ್ ಫೈಲ್ ಉಳಿದಿದೆಯಾ ನೋಡಿ. ಉಳಿದಿದ್ದರೆ ಯಾರೋ ಇನ್ನೂ ಒಳಗಿದ್ದಾರೆ, ಇಲ್ಲವೇ ಯಾರದೋ ಕಂಪ್ಯೂಟರ್ ನಡುವೆ ಬಿದ್ದಿದೆ, ಇಲ್ಲವೇ ಆ ಫೋಲ್ಡರ್‌ನಲ್ಲಿ ಫೈಲ್ ಅಳಿಸುವ ಅನುಮತಿ ಅವರಿಗೆ ಇಲ್ಲ. ಮೂರನೆಯದು ಬಹಳ ಸಲ ಇರುತ್ತದೆ. ಬಳಸುವ ಎಲ್ಲರಿಗೂ ಫೋಲ್ಡರ್ ಮಟ್ಟದಲ್ಲೇ ಬರೆಯುವ, ಅಳಿಸುವ ಅನುಮತಿ ಬೇಕು.

ಮೈಎಸ್‌ಕ್ಯೂಎಲ್ ಶುರುವಾಗದೆ, ಐಬಿಡೇಟಾ1 ಫೈಲ್ ಲಾಕ್ ಆಗುತ್ತಿಲ್ಲ, ಎರರ್ 11 ಅಂದರೆ, ಮೊದಲ ಅನುಮಾನ ಇನ್ನೊಂದು ಮೈಎಸ್‌ಕ್ಯೂಎಲ್ ಮೇಲೆ. ಅದೇ ಕಂಪ್ಯೂಟರ್‌ನಲ್ಲಿ ಹಳೆಯದು ಸಾಯದೆ ಇರಬಹುದು, ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಅನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟ ಹಾಗೆ ಓಡಿಸುವ ವ್ಯವಸ್ಥೆ) ಇರಬಹುದು, ಬೇರೆ ಕಂಪ್ಯೂಟರ್‌ನಲ್ಲೇ ಇರಬಹುದು. ಎಲ್ಲೂ ಇಲ್ಲ ಅಂತ ಖಾತ್ರಿಯಾದರೆ ಹಳೆಯ ಲಾಕ್ ನ್ಯಾಸ್‌ನಲ್ಲಿ ಅಂಟಿಕೊಂಡಿದೆ. ಎನ್‌ಎಫ್‌ಎಸ್ ಆವೃತ್ತಿ 3ರಲ್ಲಿ ಕ್ಲೈಂಟ್, ಅಂದರೆ ಮೌಂಟ್ ಮಾಡಿದ ಕಂಪ್ಯೂಟರ್, ಸತ್ತರೆ, ಅದು ಮತ್ತೆ ಎದ್ದು ಹೇಳುವವರೆಗೂ ಸರ್ವರ್ ಲಾಕ್ ಹಿಡಿದುಕೊಂಡೇ ಇರುತ್ತದೆ. ಆವೃತ್ತಿ 4ರಲ್ಲಿ ಲಾಕ್‌ಗೆ ಅವಧಿ ಇದೆ, ಲಿನಕ್ಸ್ ಸರ್ವರ್‌ನಲ್ಲಿ ಸಾಮಾನ್ಯವಾಗಿ 90 ಸೆಕೆಂಡ್. ಅಷ್ಟರೊಳಗೆ ಕ್ಲೈಂಟ್ ಮಾತಾಡಿಸದಿದ್ದರೆ ಲಾಕ್ ಬಿಡುಗಡೆ. ನ್ಯಾಸ್ ರೀಬೂಟ್ ಆದ ಮೇಲೂ ಸುಮಾರು ಅಷ್ಟೇ ಹೊತ್ತು ಹೊಸ ಲಾಕ್ ಕೊಡುವುದಿಲ್ಲ, ಹಳಬರು ಬಂದು ತಮ್ಮದನ್ನು ಕೇಳಲಿ ಅಂತ ಕಾಯುತ್ತದೆ. ಹಾಗಾಗಿ ನ್ಯಾಸ್ ಎದ್ದ ಕೂಡಲೇ ಲಾಕ್ ಎರರ್ ಬಂದರೆ ಒಂದು ಚಹಾ ಕುಡಿದು ಬನ್ನಿ. ತಾನಾಗಿ ಸರಿಹೋಗಬಹುದು.

ಪೋಸ್ಟ್‌ಗ್ರೆಸ್ ಬಗ್ಗೆ ಒಂದು ಎಚ್ಚರಿಕೆ. ಒಂದೇ ಕಂಪ್ಯೂಟರ್‌ನಲ್ಲಿ ಅದೇ ಫೋಲ್ಡರ್ ಮೇಲೆ ಎರಡನೇ ಸಲ ಶುರು ಮಾಡಿದರೆ ಅದು ಒಪ್ಪುವುದಿಲ್ಲ. ಆದರೆ ಅದು ಪರೀಕ್ಷಿಸುವುದು ಆ ಕಂಪ್ಯೂಟರ್‌ನ ಪ್ರೋಸೆಸ್ ನಂಬರ್ ಮತ್ತು ಮೆಮೊರಿಯನ್ನು. ಬೇರೆ ಕಂಪ್ಯೂಟರ್‌ನಿಂದ ಅದೇ ನ್ಯಾಸ್ ಫೋಲ್ಡರ್ ಮೇಲೆ ಶುರು ಮಾಡಿದರೆ ಈ ಕಾವಲು ಕೆಲಸಕ್ಕೆ ಬರುವುದಿಲ್ಲ. ಎರಡೂ ಓಡುತ್ತವೆ, ಡೇಟಾ ಕಲಸುಮೇಲೋಗರ. "ಒಂದು ಬಿದ್ದರೆ ಇನ್ನೊಂದು ಇರಲಿ" ಅಂತ ಎರಡು ಕಂಪ್ಯೂಟರ್ ಸಜ್ಜು ಮಾಡಿಟ್ಟವರು ಇದನ್ನು ಎರಡು ಸಲ ಓದಿ.

ಕರೆಂಟ್ ಬಂದ ಮೇಲೆ ಡೇಟಾಬೇಸ್ ಪೂರ್ತಿ ಖಾಲಿ

ಪುಣೆಯ ಭೋಸರಿ ಕಡೆ ಸಣ್ಣ ವರ್ಕ್‌ಶಾಪ್ ಇರುವವರಿಗೆ ಗುರುವಾರದ ಕರೆಂಟ್ ಕಟ್ ಹೊಸದಲ್ಲ. ಸಂಜೆ ಕರೆಂಟ್ ಬರುತ್ತದೆ, ಎಲ್ಲಾ ಒಟ್ಟಿಗೆ ಏಳುತ್ತವೆ. ಲಾಗಿನ್ ಆದರೆ ಒಂದು ಬಿಲ್ಲೂ ಇಲ್ಲ, ಗಿರಾಕಿಗಳ ಹೆಸರೂ ಇಲ್ಲ. ಎದೆ ಧಸಕ್ ಅನ್ನುತ್ತದೆ.

ಹೆಚ್ಚಾಗಿ ಡೇಟಾ ಎಲ್ಲೂ ಹೋಗಿರುವುದಿಲ್ಲ. ಕಂಪ್ಯೂಟರ್ ಒಂದು ನಿಮಿಷದಲ್ಲಿ ಎದ್ದಿತು, ನ್ಯಾಸ್‌ಗೆ ಇನ್ನೂ ಹೊತ್ತು ಬೇಕಿತ್ತು. ಮೌಂಟ್ ಆಗಲಿಲ್ಲ. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಬರೀ ಖಾಲಿ ಫೋಲ್ಡರ್ ಇತ್ತು. ಡಾಕರ್‌ನಲ್ಲಿ ಓಡುವ ಪೋಸ್ಟ್‌ಗ್ರೆಸ್ ಖಾಲಿ ಫೋಲ್ಡರ್ ಕಂಡು, ಹೊಸ ಸಂಸಾರ ಅಂದುಕೊಂಡು, ಹೊಸ ಡೇಟಾಬೇಸ್ ಕಟ್ಟಿಬಿಟ್ಟಿತು. ಮೌಂಟ್‌ಪಾಯಿಂಟ್ ಅನ್ನುವ ಕಮಾಂಡ್‌ಗೆ ಆ ಫೋಲ್ಡರ್ ಹೆಸರು ಕೊಡಿ. "ನಾಟ್ ಎ ಮೌಂಟ್‌ಪಾಯಿಂಟ್" ಅಂದರೆ ಇದೇ ಕಥೆ.

ಮೊದಲು ಎಲ್ಲರ ಕೆಲಸ ನಿಲ್ಲಿಸಿ, ಯಾಕೆಂದರೆ ಖಾಲಿ ಡೇಟಾಬೇಸಿಗೆ ಯಾರಾದರೂ ಹೊಸ ಬಿಲ್ ಹಾಕಲು ಶುರು ಮಾಡಿರುತ್ತಾರೆ. ಆ ಬಿಲ್‌ಗಳು ಈಗ ಕಂಪ್ಯೂಟರ್‌ನ ಒಳಡಿಸ್ಕಿನಲ್ಲಿವೆ. ಮೌಂಟ್ ಮಾಡಿದ ಕೂಡಲೇ ಅವು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಅವುಗಳ ಡಂಪ್, ಅಂದರೆ ಡೇಟಾಬೇಸ್ ತಾನೇ ಬರೆದುಕೊಡುವ ಪ್ರತಿ, ತೆಗೆದು ಬೇರೆ ಕಡೆ ಇಡಿ, ಡೇಟಾಬೇಸ್ ನಿಲ್ಲಿಸಿ, ಆ ಫೋಲ್ಡರ್‌ಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿ, ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಮಾಡಿ, ಆಮೇಲೆ ಮೌಂಟ್ ಮಾಡಿ.

ಮತ್ತೆ ಆಗದಿರಲು ಡೇಟಾ ಫೋಲ್ಡರನ್ನು ಮೌಂಟ್ ಆಗುವ ಜಾಗದಲ್ಲೇ ಇಡದೆ, ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಇಡಿ. ಮೌಂಟ್ ಆಗದಿದ್ದರೆ ಆ ಒಳ ಫೋಲ್ಡರೇ ಇರುವುದಿಲ್ಲ. ನೇರವಾಗಿ ಓಡುವ ಪೋಸ್ಟ್‌ಗ್ರೆಸ್ ಆಗ ಎರರ್ ಕೊಟ್ಟು ನಿಲ್ಲುತ್ತದೆ. ಡಾಕರ್‌ಗೆ ಇಷ್ಟು ಸಾಲದು, ಇಲ್ಲದ ಫೋಲ್ಡರನ್ನು ಅದೇ ಸೃಷ್ಟಿಸಿಬಿಡಬಹುದು. ಅಲ್ಲಿ ಲಿನಕ್ಸ್‌ನ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿಯಲ್ಲಿ ಈ ಮೌಂಟ್ ಬಂದ ಮೇಲೇ ಸೇವೆ ಶುರುವಾಗಲಿ ಅಂತ ಬರೆಯಬೇಕು. ಕೈಯಾರೆ ಮಾಡುವವರಿಗೆ ಕ್ರಮ ಇದು: ಸ್ವಿಚ್, ನ್ಯಾಸ್, ಡೇಟಾಬೇಸ್ ಕಂಪ್ಯೂಟರ್, ಕೊನೆಗೆ ಕೌಂಟರ್‌ಗಳು. ಮುಚ್ಚುವಾಗ ತಿರುಗುಮುರುಗು.

"ಪರ್ಮಿಷನ್ ಡಿನೈಡ್", "ಸ್ಟೇಲ್ ಫೈಲ್ ಹ್ಯಾಂಡಲ್"

ಇವು ಸಣ್ಣವು. ನ್ಯಾಸ್‌ನಲ್ಲಿ ಫೋಲ್ಡರ್ ಬದಲಾಯಿಸಿದ್ದರೆ, ವಾಲ್ಯೂಮ್ ಹೊಸದಾಗಿ ಮಾಡಿದ್ದರೆ ಕ್ಲೈಂಟ್ ಕೈಯಲ್ಲಿರುವ ಹಳೆಯ ಗುರುತು ನಡೆಯುವುದಿಲ್ಲ, ಅದೇ ಸ್ಟೇಲ್. ಡೇಟಾಬೇಸ್ ನಿಲ್ಲಿಸಿ, ಅನ್‌ಮೌಂಟ್ ಮಾಡಿ, ಮತ್ತೆ ಮೌಂಟ್ ಮಾಡಿ. ಪರ್ಮಿಷನ್ ಆದರೆ ಫೈಲ್ ಮಾಲೀಕರ ಹೆಸರು ನೋಡಿ. ಎಲ್ಲಾ "ನೋಬಡಿ" ಅಂತ ತೋರಿಸಿದರೆ ಎರಡು ಕಡೆಯ ಐಡಿ ಹೊಂದಾಣಿಕೆ ತಪ್ಪಿದೆ. ಡೇಟಾಬೇಸ್ ಬಳಕೆದಾರನ ನಂಬರ್ ಎರಡೂ ಕಡೆ ಒಂದೇ ಇರಲಿ. ಎಲ್ಲರಿಗೂ ಎಲ್ಲಾ ಅನುಮತಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಪೋಸ್ಟ್‌ಗ್ರೆಸ್ ಅಂತೂ ಹಾಗೆ ಬಿಚ್ಚಿಟ್ಟ ಫೋಲ್ಡರ್ ಮೇಲೆ ಶುರುವೇ ಆಗುವುದಿಲ್ಲ.

ನಿನ್ನೆಯ ಬಿಲ್ ಕಾಣೆ, ಅಥವಾ "ಮಾಲ್‌ಫಾರ್ಮ್ಡ್" ಎರರ್

ಇಲ್ಲಿ ಪ್ರಯೋಗ ಮಾಡುವ ಹಾಗಿಲ್ಲ. ಎಸ್‌ಕ್ಯೂಲೈಟ್ "ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್" ಅಂದರೆ, ಪೋಸ್ಟ್‌ಗ್ರೆಸ್ "ಇನ್‌ವ್ಯಾಲಿಡ್ ಪೇಜ್" ಅಂದರೆ, ಎಫ್‌ಸಿಂಕ್ ಆಗಲಿಲ್ಲ ಅಂತ ಪ್ಯಾನಿಕ್ ಆಗಿ ಬಿದ್ದರೆ, ಆಕ್ಸೆಸ್ "ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್" ಅಂದರೆ, ಎಲ್ಲಾ ಕೌಂಟರ್ ಮುಚ್ಚಿಸಿ. ಬಿಲ್ ಬುಕ್ಕಿನಲ್ಲಿ ಕೈಬರಹ ಶುರು ಮಾಡಿಸಿ. ಯಜಮಾನರು "ಇನ್ನು ಅರ್ಧ ಗಂಟೆ ಓಡಿಸಿ ಅಣ್ಣಾ, ರಶ್ ಇದೆ" ಅನ್ನಬಹುದು. ಓಡಿಸಬೇಡಿ. ಕೆಟ್ಟ ಫೈಲಿನ ಮೇಲೆ ಬರೆದ ಪ್ರತಿ ಬಿಲ್ಲೂ ಒಳಗಿರುವ ಇನ್ನೊಂದನ್ನು ಹಾಳು ಮಾಡಬಹುದು.

ಪೋಸ್ಟ್‌ಗ್ರೆಸ್ ಹಾಗೆ ತಾನೇ ಬೀಳುವುದು ಬೇಕೆಂದೇ ಮಾಡಿದ್ದು. ಎಫ್‌ಸಿಂಕ್ ಒಮ್ಮೆ ಸೋತ ಮೇಲೆ ಮತ್ತೆ ಕೇಳಿದರೆ ಲಿನಕ್ಸ್ "ಸರಿ" ಅಂತ ಹೇಳಿಬಿಡಬಹುದು, ಡೇಟಾ ಮಾತ್ರ ಹೋಗಿರಬಹುದು ಅನ್ನುವುದು 2018ರಲ್ಲಿ ದೊಡ್ಡ ಚರ್ಚೆಯಾಯಿತು. ಅದಾದ ಮೇಲೆ, ಎಫ್‌ಸಿಂಕ್ ಸೋತರೆ ಮತ್ತೆ ಪ್ರಯತ್ನಿಸದೆ ಬಿದ್ದು, ಲಾಗ್‌ನಿಂದ ಚೇತರಿಸಿಕೊಳ್ಳುವ ಹಾಗೆ ಬದಲಿಸಿದರು. ಅದನ್ನು ತಪ್ಪಿಸುವ ಸೆಟ್ಟಿಂಗ್ ಇದೆ ಅಂತ ಎಲ್ಲಾದರೂ ಓದಿದರೆ ಆ ದಾರಿಗೆ ಹೋಗಬೇಡಿ.

ಡೇಟಾಬೇಸ್ ನಿಲ್ಲಿಸಿದ ಮೇಲೆ ಪೂರ್ತಿ ಫೋಲ್ಡರನ್ನು, ಜರ್ನಲ್ ಮತ್ತು ವಾಲ್ ಫೈಲ್ ಸಮೇತ, ಬೇರೆ ಡಿಸ್ಕಿಗೆ ಕಾಪಿ ಮಾಡಿ. ಅದೇ ನ್ಯಾಸ್‌ನ ಇನ್ನೊಂದು ಫೋಲ್ಡರ್‌ಗಲ್ಲ. ಮುಂದಿನದೆಲ್ಲ ಕಾಪಿಯ ಮೇಲೆ. ಎಸ್‌ಕ್ಯೂಲೈಟ್ ಆದರೆ ಇಂಟೆಗ್ರಿಟಿ ಚೆಕ್ ಓಡಿಸಿ. "ಓಕೆ" ಬಂದರೆ ಉಸಿರು ಬಿಡಿ. ಬರದಿದ್ದರೆ ಅದರಲ್ಲೇ ರಿಕವರ್ ಅನ್ನುವ ಕಮಾಂಡ್ ಇದೆ, ಸಿಕ್ಕಷ್ಟನ್ನು ಹೊಸ ಫೈಲಿಗೆ ಎತ್ತಿಕೊಡುತ್ತದೆ. ಆಕ್ಸೆಸ್‌ಗೆ ಕಾಂಪ್ಯಾಕ್ಟ್ ಅಂಡ್ ರಿಪೇರ್, ಅದೂ ಒಳಡಿಸ್ಕಿಗೆ ತಂದ ಕಾಪಿಯ ಮೇಲೆ.

ಇಷ್ಟಕ್ಕೆ ಆಗಲಿಲ್ಲ ಅಂದರೆ ಗೊತ್ತಿದ್ದವರನ್ನು ಕರೆಯಿರಿ. ಪೋಸ್ಟ್‌ಗ್ರೆಸ್‌ನ ರಿಸೆಟ್‌ವಾಲ್, ಹಾಳಾದ ಪುಟಗಳನ್ನು ಸೊನ್ನೆ ಮಾಡುವ ಆಯ್ಕೆ, ಮೈಎಸ್‌ಕ್ಯೂಎಲ್ ಒಳಗಿನ ಇನ್ನೋಡಿಬಿಯ ಫೋರ್ಸ್ ರಿಕವರಿ 4 ಮತ್ತು ಮೇಲಿನ ಅಂಕಿಗಳು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು. ಹುಡುಕಿದರೆ ಮೊದಲು ಸಿಗುವ ಉಪಾಯಗಳೂ ಇವೇ.

ನ್ಯಾಸ್ ಬೀಪ್ ಹೊಡೆಯುತ್ತಿದ್ದರೆ, ರೇಡ್ ಡಿಗ್ರೇಡೆಡ್ ಅಂತ ತೋರಿಸಿದರೆ, ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಇನ್ನೂ ಎಚ್ಚರ. ಯಾವ ಡಿಸ್ಕ್ ಕೆಟ್ಟಿದೆ ಅಂತ ಸೀರಿಯಲ್ ನಂಬರ್ ನೋಡಿ ಖಾತ್ರಿ ಮಾಡದೆ ಒಂದನ್ನೂ ಎಳೆಯಬೇಡಿ. ಒಳ್ಳೆಯದನ್ನು ಎಳೆದರೆ ಉಳಿದಿದ್ದೂ ಹೋಗುತ್ತದೆ. ಡಿಸ್ಕ್‌ಗಳ ಜಾಗವನ್ನೂ ಅದಲುಬದಲು ಮಾಡಬೇಡಿ. ಹೋಟೆಲ್‌ಗಳಲ್ಲಿ ನ್ಯಾಸ್ ಇರುವುದು ಹೆಚ್ಚಾಗಿ ಅಡುಗೆಮನೆ ಮೇಲಿನ ಅಟ್ಟದಲ್ಲಿ. ಹಿಂದಿನ ಫ್ಯಾನ್ ಜಾಲರಿಗೆ ಎಣ್ಣೆ ಹೊಗೆ ಅಂಟಿ, ಅದರ ಮೇಲೆ ಧೂಳು ಕೂತು, ಬೂದು ಬಣ್ಣದ ಜಿಡ್ಡಿನ ಕಂಬಳಿ ಬೆಳೆದಿರುತ್ತದೆ. ಬೆರಳಲ್ಲಿ ಎಳೆದರೆ ಪದರವಾಗಿಯೇ ಬರುತ್ತದೆ. ಗಾಳಿಯೇ ಆಡದೆ ಡಿಸ್ಕ್ ಕಾದು ಕೂತಿರುತ್ತದೆ.

ಬ್ಯಾಕಪ್ ಇದೆ, ಆದರೆ ತೆರೆಯುತ್ತಿಲ್ಲ

ಓಡುತ್ತಿರುವ ಡೇಟಾಬೇಸಿನ ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಮೊದಲ ಅರ್ಧ ಹತ್ತು ಗಂಟೆಯದು, ಕೊನೆಯ ಅರ್ಧ ಹತ್ತೂ ಐದರದು ಆಗಿರುತ್ತದೆ. ಡೇಟಾಬೇಸಿನ ಸ್ವಂತ ಬ್ಯಾಕಪ್ ದಾರಿಯನ್ನೇ ಬಳಸಿ: ಪೋಸ್ಟ್‌ಗ್ರೆಸ್‌ಗೆ ಪಿಜಿ ಡಂಪ್, ಮೈಎಸ್‌ಕ್ಯೂಎಲ್‌ಗೆ ಮೈಎಸ್‌ಕ್ಯೂಎಲ್ ಡಂಪ್, ಎಸ್‌ಕ್ಯೂಲೈಟ್‌ಗೆ ಬ್ಯಾಕಪ್ ಕಮಾಂಡ್. ನ್ಯಾಸ್‌ನ ಸ್ನ್ಯಾಪ್‌ಶಾಟ್ ನಂಬಬಹುದು, ಆದರೆ ಡೇಟಾ ಮತ್ತು ಅದರ ಲಾಗ್ ಎರಡೂ ಒಂದೇ ವಾಲ್ಯೂಮ್‌ನಲ್ಲಿದ್ದು ಒಂದೇ ಕ್ಷಣದಲ್ಲಿ ತೆಗೆದಿರಬೇಕು. ರೇಡ್ ಬ್ಯಾಕಪ್ ಅಲ್ಲ. ಒಂದು ಡಿಸ್ಕಿನಲ್ಲಿ ಕೆಟ್ಟದ್ದು ಇನ್ನೊಂದರಲ್ಲೂ ಅಷ್ಟೇ ಶ್ರದ್ಧೆಯಿಂದ ಕೆಟ್ಟಿರುತ್ತದೆ.

ಪದೇ ಪದೇ ಇದೇ ಗೋಳಾದರೆ

ಜಾಗ ಬದಲಿಸುವುದೇ ಒಳ್ಳೆಯದು. ಸಣ್ಣ ಆಫೀಸಿಗೆ ನಾನು ಹೇಳುವುದು ಹೀಗೆ: ಒಂದು ಕಂಪ್ಯೂಟರ್‌ಗೆ ಒಳ್ಳೆಯ ಎಸ್‌ಎಸ್‌ಡಿ ಮತ್ತು ಯುಪಿಎಸ್ ಹಾಕಿ, ಡೇಟಾಬೇಸ್ ಸರ್ವರ್ ಅದರಲ್ಲೇ ಓಡಲಿ. ಉಳಿದವರೆಲ್ಲ ನೆಟ್‌ವರ್ಕ್ ಮೂಲಕ ಆ ಸರ್ವರ್ ಜೊತೆ ಮಾತಾಡಲಿ, ಫೈಲ್ ಮುಟ್ಟಬಾರದು. ನ್ಯಾಸ್‌ಗೆ ರಾತ್ರಿ ಡಂಪ್ ಹೋಗಲಿ. ಅದು ಅದಕ್ಕೆ ಹೇಳಿ ಮಾಡಿಸಿದ ಕೆಲಸ.

ನ್ಯಾಸ್ ಮೇಲೆಯೇ ಇರಬೇಕು ಅಂದರೆ ಐಸ್ಕಸಿ (iSCSI) ನೋಡಿ. ಅದರಲ್ಲಿ ನ್ಯಾಸ್ ಫೈಲ್ ಕೊಡುವುದಿಲ್ಲ, ಡಿಸ್ಕಿನ ಹಾಗೆ ಒಂದು ತುಂಡನ್ನೇ ಕೊಡುತ್ತದೆ. ಫೈಲ್ ಲಾಕ್ ಎಲ್ಲಾ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಆದ್ದರಿಂದ ಲಾಕ್ ತಕರಾರು ಮುಗಿಯಿತು. "ಬರೆದಾಯಿತು" ಅನ್ನುವ ಮಾತು ಮಾತ್ರ ಇನ್ನೂ ನ್ಯಾಸ್‌ನದೇ, ಹಾಗಾಗಿ ರೈಟ್ ಕ್ಯಾಶ್ ಸೆಟ್ಟಿಂಗ್ ಅಲ್ಲೂ ನೋಡಬೇಕು, ಯುಪಿಎಸ್ ಅಲ್ಲೂ ಬೇಕು. ಇನ್ನೊಂದು, ಆ ತುಂಡನ್ನು ಒಂದೇ ಕಂಪ್ಯೂಟರ್‌ಗೆ ಜೋಡಿಸಿ. ಇಎಕ್ಸ್‌ಟಿ4 ಅಥವಾ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಮ್ ಇರುವ ತುಂಡನ್ನು ಎರಡು ಕಂಪ್ಯೂಟರ್‌ಗೆ ಒಟ್ಟಿಗೆ ಕೊಟ್ಟರೆ ಡೇಟಾಬೇಸ್ ಮಾತ್ರ ಅಲ್ಲ, ಪೂರ್ತಿ ಫೈಲ್ ಸಿಸ್ಟಮ್ಮೇ ಹೋಗುತ್ತದೆ. ನ್ಯಾಸ್‌ನ ಸೆಟ್ಟಿಂಗ್‌ನಲ್ಲಿ ಆ ಒಂದು ಕಂಪ್ಯೂಟರ್‌ನ ಇನಿಶಿಯೇಟರ್ ಹೆಸರನ್ನು (ಐಸ್ಕಸಿಯಲ್ಲಿ ಅದರ ಗುರುತು) ಮಾತ್ರ ಸೇರಿಸಿ, ಉಳಿದವರಿಗೆ ಬಾಗಿಲು ಮುಚ್ಚಿಡಿ.